ಯಾವ ಬಗೆಯ ಶುಗರ್? ಜೀನ್ ಅಂಕ ಹೇಳುವುದೆಷ್ಟು, ಹೇಳದಿರುವುದೆಷ್ಟು

2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸಮಾವೇಶದಲ್ಲಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಅಪೌಷ್ಟಿಕತೆಗೆ ತಳಕು ಹಾಕುವ ‘ಟೈಪ್ 5’ ಎಂಬ ಮಧುಮೇಹದ ಬಗೆಗೆ ಮನ್ನಣೆ ಕೊಟ್ಟಿತು. ಅದಾಗಿ ಕೆಲವೇ ತಿಂಗಳಲ್ಲಿ ಆಫ್ರಿಕಾದಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿ ಟೈಪ್ 1 ಎಂದು ಚಿಕಿತ್ಸೆ ಪಡೆಯುತ್ತಿರುವ ಯುವಜನರಲ್ಲಿ ದೊಡ್ಡ ಪಾಲಿನವರದ್ದು ನಾವು ತಿಳಿದ ಟೈಪ್ 1 ಅಲ್ಲವೇ ಅಲ್ಲ ಎಂದು ಸಂಶೋಧಕರು ಹೇಳಿದರು. ಅವರು ಆಧಾರವಾಗಿ ತೋರಿಸಿದ್ದರಲ್ಲಿ ಒಂದು, ಜೀನ್‌ಗಳ ಅಪಾಯದ ಅಂಕ. ಅಂದರೆ ಡಿಎನ್‌ಎ ನೋಡಿ, ಟೈಪ್ 1 ಬರುವ ಸಾಧ್ಯತೆಗೆ ಹಾಕುವ ಅಂಕ.

ಓದಿದವರಿಗೆ ತಲೆ ಕೆಡುವುದು ಸಹಜ. ಇಷ್ಟು ದಿನ ಎರಡೇ ಬಗೆ ಎನ್ನುತ್ತಿದ್ದರಲ್ಲ, ಐದು ಯಾವಾಗ ಆಯಿತು? ಜೀನ್ ಟೆಸ್ಟ್ ಮಾಡಿಸಿದರೆ ನನ್ನದು ಯಾವುದು ಅಂತ ಗೊತ್ತಾಗುತ್ತದಾ? (ಮೂರು, ನಾಲ್ಕು ಎಲ್ಲಿ ಹೋದವು ಎನ್ನುವುದು ಇನ್ನೊಂದು ಪ್ರಶ್ನೆ. ಪ್ಯಾಂಕ್ರಿಯಾಸ್ ಹಾಳಾಗಿ ಬರುವ ಕಾಯಿಲೆಗೆ 3ಸಿ ಎನ್ನುವ ರೂಢಿ ಇದೆ. ನಾಲ್ಕಕ್ಕೆ ಎಲ್ಲರೂ ಒಪ್ಪಿದ ಅರ್ಥ ಇಲ್ಲ.)

ಜೀನ್ ಅಂಕ ಕೆಲಸಕ್ಕೆ ಬರುತ್ತದೆ, ನಿಜ. ಆದರೆ ‘ನಿಮಗೆ ಟೈಪ್ 1 ಇದೆ’ ಎಂದು ಹೇಳುವುದಕ್ಕಿಂತ ‘ಇದು ಟೈಪ್ 1 ಇರಲಾರದು, ಬೇರೆ ಏನೋ ನೋಡಿ’ ಎಂದು ಹೇಳುವುದರಲ್ಲೇ ಅದರ ಉಪಯೋಗ ಜಾಸ್ತಿ. ನಮ್ಮ ದೇಶದ ಮಟ್ಟಿಗಂತೂ ಹೀಗೇ. ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು.

ಗೊಂದಲ ಶುರುವಾಗುವುದು ಎಲ್ಲಿ

ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಪ್ಯಾಂಕ್ರಿಯಾಸ್‌ನ ಬೀಟಾ ಕೋಶಗಳ ಮೇಲೆ ಬೀಳುತ್ತದೆ. ಇನ್ಸುಲಿನ್ ತಯಾರಿಸುವುದು ಈ ಕೋಶಗಳೇ. ಅವು ಸತ್ತ ಮೇಲೆ ಹೊರಗಿನಿಂದ ಇನ್ಸುಲಿನ್ ಕೊಡದೆ ಬೇರೆ ದಾರಿ ಇಲ್ಲ. ಟೈಪ್ 2ರಲ್ಲಿ ಹಾಗಲ್ಲ. ಇನ್ಸುಲಿನ್ ಇರುತ್ತದೆ, ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ಕಾಲ ಕಳೆದಂತೆ ತಯಾರಿಕೆಯೂ ಕುಗ್ಗುತ್ತದೆ. ಮಾತ್ರೆ, ಊಟ, ವ್ಯಾಯಾಮದಲ್ಲಿ ತುಂಬಾ ವರ್ಷ ಸಂಭಾಳಿಸಬಹುದು.

ಪುಸ್ತಕದ ಚಿತ್ರ ಸುಲಭ. ತೆಳ್ಳಗಿನ ಮಗುವಿಗೆ ಬಂದರೆ ಟೈಪ್ 1, ದಪ್ಪಗಿರುವ ನಡುವಯಸ್ಸಿನವರಿಗೆ ಬಂದರೆ ಟೈಪ್ 2. ಈ ಚಿತ್ರ ಮುಖ್ಯವಾಗಿ ಯುರೋಪಿನವರನ್ನು ನೋಡಿ ಬರೆದದ್ದು. ಅಲ್ಲಿಯೇ ಅದು ಎಷ್ಟೋ ಸಲ ಕೈಕೊಡುತ್ತದೆ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಥೆರೆಸಾ ಮೇ ಅವರಿಗೆ 2012ರಲ್ಲಿ, 56ನೇ ವಯಸ್ಸಿನಲ್ಲಿ ಮಧುಮೇಹ ಕಂಡಾಗ ವೈದ್ಯರು ಟೈಪ್ 2 ಎಂದುಕೊಂಡರು. ಮಾತ್ರೆ ಕೆಲಸ ಮಾಡಲಿಲ್ಲ. ಮತ್ತೆ ಪರೀಕ್ಷಿಸಿದಾಗ ಟೈಪ್ 1 ಎಂದು ಗೊತ್ತಾಯಿತು.

ನಮ್ಮಲ್ಲಿ ಈ ಚಿತ್ರ ಇನ್ನೂ ಬೇಗ ಮಸುಕಾಗುತ್ತದೆ. ಭಾರತೀಯರಿಗೆ ಟೈಪ್ 2 ಬೇಗ ಬರುತ್ತದೆ, ಮೂವತ್ತರ ಆಸುಪಾಸಿನಲ್ಲೇ ಬರುವುದು ಅಪರೂಪವೇನಲ್ಲ. ತೂಕ ನೋಡಿ ಹೇಳೋಣ ಎಂದರೆ ಅದೂ ಮೋಸ ಮಾಡುತ್ತದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿ ಇದನ್ನು ತೋರಿಸಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡಲು ತೆಳ್ಳಗಿರುವ ಭಾರತೀಯನಿಗೂ ಟೈಪ್ 2 ಬರಲು ಬೇಕಾದಷ್ಟು ಕೊಬ್ಬು ಒಳಗಿರಬಹುದು ಎಂದಾಯಿತು.

ಹೆಸರು ತಪ್ಪಿದರೆ ಆಗುವುದೇನು

ಬಗೆ ಯಾವುದಾದರೇನು, ಸಕ್ಕರೆ ಇಳಿದರೆ ಸಾಕಲ್ಲ ಎನ್ನುವವರಿದ್ದಾರೆ. ಸಾಕಾಗುವುದಿಲ್ಲ. ಟೈಪ್ 1 ಇರುವವರನ್ನು ಟೈಪ್ 2 ಎಂದುಕೊಂಡು ಮಾತ್ರೆಯಲ್ಲೇ ಇಟ್ಟರೆ ಇನ್ಸುಲಿನ್ ಪೂರ್ತಿ ಬತ್ತಿ ಕೀಟೊಅಸಿಡೋಸಿಸ್ ಆಗಬಹುದು. ರಕ್ತ ಆಮ್ಲೀಯವಾಗುವ ಈ ಸ್ಥಿತಿ ಜೀವಕ್ಕೆ ಅಪಾಯ.

ಈಚೆಗೆ ಇದಕ್ಕೆ ಹೊಸ ಕಾರಣವೊಂದು ಸೇರಿದೆ. ಡಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯ ಪೇಟೆಂಟ್ ಭಾರತದಲ್ಲಿ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ನದ್ದು 2025ರಲ್ಲಿ. ಎರಡೂ ಅಗ್ಗವಾದವು. ಟೈಪ್ 2ಕ್ಕೆ ಇವು ಒಳ್ಳೆಯ ಔಷಧ. ಹೃದಯ, ಕಿಡ್ನಿ ಎರಡನ್ನೂ ಕಾಯುತ್ತವೆ. ಆದರೆ ಒಳಗೆ ಇನ್ಸುಲಿನ್ ಇಲ್ಲದವರಿಗೆ ಕೊಟ್ಟರೆ ಕೀಟೊಅಸಿಡೋಸಿಸ್ ಸಾಧ್ಯತೆ ಏರುತ್ತದೆ. ಅದೂ ಎಂಥದ್ದು? ಸಕ್ಕರೆ ಅಷ್ಟೇನೂ ಏರದೆ ಬರುವಂಥದ್ದು. ಗ್ಲುಕೋಮೀಟರ್ ನೋಡಿ ಎಲ್ಲ ಸರಿ ಇದೆ ಎಂದುಕೊಂಡು ವಾಂತಿ, ಹೊಟ್ಟೆನೋವಿಗೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂತರೆ ಹೊತ್ತು ಮೀರುತ್ತದೆ.

ತಿರುವುಮುರುವಾದರೂ ನಷ್ಟವಿದೆ. ಇನ್ಸುಲಿನ್ ಬೇಕಿಲ್ಲದವರು ವರ್ಷಗಟ್ಟಲೆ ಚುಚ್ಚಿಕೊಳ್ಳುತ್ತಾರೆ. ಸಕ್ಕರೆ ತೀರಾ ಇಳಿದು ತಲೆ ತಿರುಗಿ ಬೀಳುವ ಭಯ, ಖರ್ಚು, ಮದುವೆ ಮಾತುಕತೆಯಲ್ಲಿ ಎದುರಾಗುವ ಪ್ರಶ್ನೆ, ಎಲ್ಲವೂ ಸುಮ್ನೆ ತಲೆ ಮೇಲೆ ಬರುತ್ತವೆ.

ಈಗ ಇರುವ ಎರಡು ಟೆಸ್ಟ್

ಒಂದು, ಆಟೊಆಂಟಿಬಾಡಿ ಟೆಸ್ಟ್. ಬೀಟಾ ಕೋಶಗಳ ಮೇಲೆ ದಾಳಿ ನಡೆದಿದ್ದರೆ ಅದರ ಗುರುತು ರಕ್ತದಲ್ಲಿ ಸಿಗುತ್ತದೆ. ಹೆಚ್ಚಾಗಿ ಮೊದಲು ನೋಡುವುದು ಗ್ಯಾಡ್ ಆಂಟಿಬಾಡಿ. ಅದು ಇಲ್ಲದಿದ್ದರೆ ಐಎ-2, ಝಡ್ಎನ್‌ಟಿ8 ಎಂಬ ಇನ್ನೆರಡು. ತೊಂದರೆ ಏನೆಂದರೆ ಈ ಗುರುತುಗಳು ವರ್ಷ ಕಳೆದಂತೆ ಮಾಸುತ್ತವೆ. ಹತ್ತು ವರ್ಷದ ಹಿಂದೆ ಕಾಯಿಲೆ ಬಂದವರಲ್ಲಿ ಇಂದು ಆಂಟಿಬಾಡಿ ಸಿಗದಿದ್ದರೆ, ಅದು ಆಗಲೂ ಇರಲಿಲ್ಲ ಎನ್ನುವಂತಿಲ್ಲ. ಇನ್ನೊಂದು ಕಡೆ, ಲ್ಯಾಬ್‌ಗಳು ಗಡಿ ಹಾಕುವ ರೀತಿಯಿಂದಾಗಿ ಪೂರ್ತಿ ಆರೋಗ್ಯವಂತರಲ್ಲೂ ನೂರಕ್ಕೆ ಒಬ್ಬಿಬ್ಬರಿಗೆ ಪಾಸಿಟಿವ್ ಬರುತ್ತದೆ.

ಎರಡನೆಯದು ಸಿ-ಪೆಪ್ಟೈಡ್. ದೇಹ ಇನ್ಸುಲಿನ್ ತಯಾರಿಸುವಾಗ ಜೊತೆಯಲ್ಲೇ ಬೇರ್ಪಡುವ ಚೂರು ಇದು. ಭತ್ತ ಕುಟ್ಟಿದಾಗ ಉದುರುವ ಹೊಟ್ಟನ್ನು ನೋಡಿ ಅಕ್ಕಿ ಎಷ್ಟಾಗಿರಬೇಕು ಎಂದು ಅಂದಾಜು ಮಾಡಿದಂತೆ, ಸಿ-ಪೆಪ್ಟೈಡ್ ಅಳೆದು ದೇಹ ತಾನಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ಹೇಳಬಹುದು. ಚುಚ್ಚಿಕೊಂಡ ಇನ್ಸುಲಿನ್ ಈ ಲೆಕ್ಕವನ್ನು ಕೆಡಿಸುವುದಿಲ್ಲ. ಲೀಟರಿಗೆ 200 ಪಿಕೊಮೋಲ್‌ಗಿಂತ ಕಡಿಮೆ ಇದ್ದರೆ ಇನ್ಸುಲಿನ್ ತೀರಾ ಕೊರತೆ ಎಂದರ್ಥ. 600ಕ್ಕಿಂತ ಜಾಸ್ತಿ ಇದ್ದರೆ ಟೈಪ್ 2ರ ಕಡೆಗೆ ವಾಲುತ್ತದೆ. ಆದರೆ ಟೈಪ್ 1ರಲ್ಲೂ ಶುರುವಿನ ವರ್ಷಗಳಲ್ಲಿ ಸ್ವಲ್ಪ ಇನ್ಸುಲಿನ್ ಉಳಿದಿರುತ್ತದೆ. ಹಾಗಾಗಿ ಈ ಟೆಸ್ಟ್ ನಿಚ್ಚಳವಾಗಿ ಮಾತಾಡುವುದು ಸುಮಾರು ಮೂರು ವರ್ಷ ಕಳೆದ ಮೇಲೆ.

ಒಂದು ಟೆಸ್ಟ್ ಶುರುವಿನಲ್ಲಿ ಚೆನ್ನಾಗಿ ಹೇಳುತ್ತದೆ, ಇನ್ನೊಂದು ತಡವಾಗಿ. ಎರಡೂ ಕಾಲದ ಜೊತೆ ಬದಲಾಗುತ್ತವೆ. ಜೀನ್ ಅಂಕಕ್ಕೆ ಜಾಗ ಸಿಕ್ಕಿದ್ದು ಇಲ್ಲೇ. ಹುಟ್ಟಿದ ದಿನ ಇದ್ದ ಡಿಎನ್‌ಎಯೇ ಅರವತ್ತನೇ ವಯಸ್ಸಿನಲ್ಲೂ ಇರುತ್ತದೆ. ಯಾವಾಗ ಅಳೆದರೂ ಅದೇ ಉತ್ತರ.

ಅಂಕ ಹಾಕುವುದು ಹೇಗೆ

ಟೈಪ್ 1 ಒಂದು ಜೀನ್‌ನಿಂದ ಬರುವ ಕಾಯಿಲೆ ಅಲ್ಲ. ಡಿಎನ್‌ಎಯ ಹಲವಾರು ಜಾಗಗಳಲ್ಲಿರುವ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ ಅಪಾಯವನ್ನು ಏರಿಸುತ್ತವೆ ಅಥವಾ ಇಳಿಸುತ್ತವೆ. ಇವುಗಳಲ್ಲಿ ಸುಮಾರು ಅರ್ಧ ತೂಕ ಒಂದೇ ಕಡೆ ಇದೆ. ಅದು 6ನೇ ಕ್ರೋಮೋಸೋಮ್‌ನ ಎಚ್‌ಎಲ್‌ಎ ಪ್ರದೇಶ. ನಮ್ಮದು ಯಾವುದು, ಹೊರಗಿನದು ಯಾವುದು ಎಂದು ರೋಗನಿರೋಧಕ ಕೋಶಗಳು ಗುರುತಿಸಲು ಬೇಕಾದ ಜೀನ್‌ಗಳು ಅಲ್ಲಿವೆ. ಡಿಆರ್3, ಡಿಆರ್4 ಎಂಬ ಮಾದರಿಗಳು ಇದ್ದರೆ ಅಪಾಯ ಜಾಸ್ತಿ.

ಪ್ರತಿ ಜಾಗಕ್ಕೂ ಅದರ ಪ್ರಭಾವಕ್ಕೆ ತಕ್ಕ ಅಂಕ ಕೊಟ್ಟು ಕೂಡಿಸುತ್ತಾರೆ. ಬಂದ ಮೊತ್ತವೇ ಅಪಾಯದ ಅಂಕ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ರಿಚರ್ಡ್ ಓರಮ್ ಮತ್ತು ಸಂಗಡಿಗರು 2016ರಲ್ಲಿ 30 ಜಾಗಗಳ ಅಂಕವನ್ನು ಪ್ರಕಟಿಸಿದರು. 2019ರ ಸುಧಾರಿತ ಅಂಕದಲ್ಲಿ 67 ಜಾಗಗಳಿದ್ದವು.

2016ರ ಅಂಕ ಎಷ್ಟು ಚೆನ್ನಾಗಿ ಬೇರ್ಪಡಿಸಿತು? ಟೈಪ್ 1 ಇರುವ ಒಬ್ಬರು, ಟೈಪ್ 2 ಇರುವ ಒಬ್ಬರು ಎಂದು ಕಣ್ಣುಮುಚ್ಚಿ ಜೋಡಿ ಆರಿಸಿದರೆ, ನೂರು ಜೋಡಿಗಳಲ್ಲಿ ಸುಮಾರು 88ರಲ್ಲಿ ಟೈಪ್ 1 ಇರುವವರ ಅಂಕವೇ ಜಾಸ್ತಿ ಇತ್ತು. ಒಳ್ಳೆಯ ಸಾಧನೆಯೇ. ಆದರೆ ಇದನ್ನು ‘ಶೇ 88ರಷ್ಟು ನಿಖರ’ ಎಂದು ಸುದ್ದಿಯಲ್ಲಿ ಓದಿದರೆ ದಾರಿ ತಪ್ಪುತ್ತೇವೆ.

ಗುಂಪಿನ ಲೆಕ್ಕ ಬೇರೆ, ಒಬ್ಬರ ಲೆಕ್ಕ ಬೇರೆ

ಎಕ್ಸೆಟರ್ ತಂಡ 2018ರಲ್ಲಿ ಈ ಅಂಕವನ್ನು ತುಂಬಾ ಜಾಣತನದಿಂದ ಬಳಸಿತು. ಯುಕೆ ಬಯೋಬ್ಯಾಂಕ್ ಎಂಬ ಬ್ರಿಟನ್ನಿನ ಆರೋಗ್ಯ ಮಾಹಿತಿ ಸಂಗ್ರಹಕ್ಕೆ ಮಾಹಿತಿ ಕೊಟ್ಟಿದ್ದ ಯುರೋಪ್ ಮೂಲದ 3,79,511 ಜನರನ್ನು ಅಂಕದ ಪ್ರಕಾರ ಎರಡು ಪಾಲು ಮಾಡಿದರು. ಮೇಲಿನ ಅರ್ಧ, ಕೆಳಗಿನ ಅರ್ಧ. ಟೈಪ್ 2ಕ್ಕೂ ಈ ಅಂಕಕ್ಕೂ ಸಂಬಂಧವಿಲ್ಲ. ಹಾಗಾಗಿ ಅದು ಎರಡೂ ಪಾಲಿನಲ್ಲಿ ಸಮ ಇರಬೇಕು. ಟೈಪ್ 1 ಮಾತ್ರ ಹೆಚ್ಚುಕಡಿಮೆ ಪೂರ್ತಿ ಮೇಲಿನ ಅರ್ಧದಲ್ಲೇ ಇರುತ್ತದೆ. ಮೇಲೆ ಎಷ್ಟು ಮಧುಮೇಹಿಗಳು ಜಾಸ್ತಿ ಇದ್ದಾರೋ ಅಷ್ಟು ಟೈಪ್ 1 ಎಂದಾಯಿತು. ಒಬ್ಬರಿಗೂ ಆಂಟಿಬಾಡಿ ಟೆಸ್ಟ್ ಮಾಡದೆ ಲೆಕ್ಕ ಸಿಕ್ಕಿತು: 1,286. ಅದರಲ್ಲಿ ಶೇ 42ರಷ್ಟು ಜನರಿಗೆ ಕಾಯಿಲೆ ಬಂದದ್ದು 31ರಿಂದ 60 ವರ್ಷದ ನಡುವೆ. ಟೈಪ್ 1 ಮಕ್ಕಳ ಕಾಯಿಲೆ ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು ಕೊಟ್ಟಿತು.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಖ್ಯೆಯೂ ಇದೆ. 31ರಿಂದ 60 ವರ್ಷದೊಳಗೆ ಮಧುಮೇಹ ಬಂದ ಎಲ್ಲರಲ್ಲಿ ಟೈಪ್ 1 ಇದ್ದವರು ಶೇ 4 ಮಾತ್ರ. ಈ ನಾಲ್ಕನ್ನು ಮರೆತರೆ ಜೀನ್ ಅಂಕ ಕೈಕೊಡುತ್ತದೆ.

ಲೆಕ್ಕ ಮಾಡಿಯೇ ನೋಡೋಣ. ಮೂವತ್ತು ದಾಟಿದ ಮೇಲೆ ಶುಗರ್ ಬಂದ 1,000 ಜನರನ್ನು ಊಹಿಸಿಕೊಳ್ಳಿ. ಟೈಪ್ 1 ಇರುವವರು 40, ಇಲ್ಲದವರು 960. ಎರಡೂ ಗುಂಪಿನಲ್ಲಿ ನೂರಕ್ಕೆ 80 ಜನರ ವಿಷಯದಲ್ಲಿ ಸರಿಯಾಗಿ ಹೇಳುವ ಟೆಸ್ಟ್ ಇದೆ ಎಂದುಕೊಳ್ಳಿ. ಅದು 40ರಲ್ಲಿ 32 ಜನರನ್ನು ಹಿಡಿಯುತ್ತದೆ. 960ರಲ್ಲಿ 192 ಜನರನ್ನು ತಪ್ಪಾಗಿ ಟೈಪ್ 1 ಎನ್ನುತ್ತದೆ. ಒಟ್ಟು 224 ಜನರಿಗೆ ‘ಅಂಕ ಜಾಸ್ತಿ’ ಎಂಬ ಚೀಟಿ ಸಿಗುತ್ತದೆ. ಅವರಲ್ಲಿ ನಿಜವಾಗಿ ಟೈಪ್ 1 ಇರುವವರು ಏಳರಲ್ಲಿ ಒಬ್ಬರು!

ಅದೇ ಟೆಸ್ಟನ್ನು ಬೇರೆ ಗುಂಪಿಗೆ ಹಚ್ಚಿ. ವಯಸ್ಸು ಚಿಕ್ಕದು, ಮೈ ತೆಳು, ಮಾತ್ರೆಗೆ ಸಕ್ಕರೆ ಬಗ್ಗುತ್ತಿಲ್ಲ. ಇಂಥವರಲ್ಲಿ ಅರ್ಧದಷ್ಟು ಜನರಿಗೆ ಟೈಪ್ 1 ಇದೆ ಎಂದುಕೊಳ್ಳೋಣ. 1,000 ಜನರಲ್ಲಿ 400 ಸರಿ, 100 ತಪ್ಪು. ‘ಅಂಕ ಜಾಸ್ತಿ’ ಎಂದರೆ ಈಗ ಐದರಲ್ಲಿ ನಾಲ್ವರಿಗೆ ನಿಜ. ಟೆಸ್ಟ್ ಒಂದೇ, ಉತ್ತರದ ಬೆಲೆ ಬೇರೆ. ಶುಗರ್ ಬಂದ ಎಲ್ಲರಿಗೂ ಇದನ್ನು ಮಾಡಿಸಿ ಎನ್ನುವುದು ಯಾಕೆ ತಪ್ಪು, ಅನುಮಾನ ಇರುವ ಕಡೆ ಮಾತ್ರ ಮಾಡಿಸುವುದು ಯಾಕೆ ಸರಿ ಎನ್ನುವುದು ಇದರಲ್ಲೇ ಇದೆ.

ಅಂಕ ಜಾಸ್ತಿ ಇದ್ದರೂ ಕಾಯಿಲೆ ಬರಲೇಬೇಕೆಂದಿಲ್ಲ ಎನ್ನುವುದು ಇನ್ನೊಂದು ವಿಷಯ. ತದ್ರೂಪಿ ಅವಳಿಗಳ ಡಿಎನ್‌ಎ ಒಂದೇ ಆಗಿದ್ದರೂ, ಒಬ್ಬರಿಗೆ ಟೈಪ್ 1 ಬಂದು ಇನ್ನೊಬ್ಬರಿಗೆ ಬರದೇ ಇರುವ ಉದಾಹರಣೆಗಳು ಬೇಕಾದಷ್ಟಿವೆ.

ಪುಣೆಯಲ್ಲಿ ಕಂಡದ್ದು

ಯುರೋಪಿನವರ ಡಿಎನ್‌ಎ ನೋಡಿ ಮಾಡಿದ ಅಂಕ ನಮಗೆ ಹೊಂದುತ್ತದೆಯೇ? ಪುಣೆಯ ಕೆಇಎಂ ಆಸ್ಪತ್ರೆ, ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಮತ್ತು ಎಕ್ಸೆಟರ್ ಸೇರಿ ಇದನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದವು. ಟೈಪ್ 1 ಇದ್ದ 262 ಜನ, ಟೈಪ್ 2 ಇದ್ದ 352 ಜನ, ಮಧುಮೇಹ ಇಲ್ಲದ 334 ಜನ ಅದರಲ್ಲಿದ್ದರು. ಒಂಬತ್ತು ಜಾಗಗಳ ಸರಳ ಅಂಕ ಬಳಸಿದರು. ಮೇಲೆ ಹೇಳಿದ ಜೋಡಿ ಲೆಕ್ಕದಲ್ಲಿ ಯುರೋಪಿನವರಿಗೆ 87 ಬಂದರೆ ಭಾರತೀಯರಿಗೆ 84 ಬಂತು. ಅಂದರೆ ಸಾಕಷ್ಟು ಚೆನ್ನಾಗಿಯೇ ಹೊಂದಿತು.

ಇದನ್ನು ಎರಡು ರೀತಿ ಓದಬಹುದು, ಓದುತ್ತಿದ್ದಾರೆ ಕೂಡ. ಟೈಪ್ 1ರ ಬೇರು ಎಲ್ಲ ಕಡೆ ಒಂದೇ, ಅಂಕವನ್ನು ಇಲ್ಲಿಯೂ ಧೈರ್ಯವಾಗಿ ಬಳಸಿ ಎನ್ನುವುದು ಒಂದು. ವಿವರ ನೋಡಿದರೆ ವ್ಯತ್ಯಾಸಗಳಿವೆ, ಅವಸರ ಬೇಡ ಎನ್ನುವುದು ಇನ್ನೊಂದು. ಕೆಲವು ಜಾಗಗಳ ಪ್ರಭಾವ ಭಾರತೀಯರಲ್ಲಿ ಬೇರೆಯಾಗಿತ್ತು. ಪರೀಕ್ಷೆಗೆ ಒಳಗಾದವರೂ ಇಂಡೊ-ಯುರೋಪಿಯನ್ ಮೂಲದವರು. ದಕ್ಷಿಣದ ಜನರ ಹಿನ್ನೆಲೆ ಅದರಿಂದ ಸಾಕಷ್ಟು ಬೇರೆ. ಪುಣೆಯಲ್ಲಿ ಸರಿಹೋದ ಅಂಕ ರಾಯಚೂರಿಗೋ ಮಂಗಳೂರಿಗೋ ಹಾಗ್ಹಾಗೇ ಸರಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. ಎಷ್ಟಕ್ಕಿಂತ ಮೇಲಿದ್ದರೆ ‘ಜಾಸ್ತಿ’ ಎನ್ನಬೇಕು ಎಂಬ ಗಡಿಯನ್ನಾದರೂ ಇಲ್ಲಿನವರನ್ನೇ ನೋಡಿ ಹಾಕಬೇಕು. ಎರಡನೆಯ ವಾದವೇ ಗಟ್ಟಿ ಎನಿಸುತ್ತದೆ.

ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ಇಲ್ಲಿ ನೆರವಾಗಬಹುದು. ಸುಮಾರು 10,000 ಭಾರತೀಯರ ಪೂರ್ತಿ ಡಿಎನ್‌ಎ ಓದಿದ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಯಾವ ಸಮುದಾಯದಲ್ಲಿ ಯಾವ ವ್ಯತ್ಯಾಸ ಎಷ್ಟು ಸಾಮಾನ್ಯ ಎನ್ನುವುದಕ್ಕೆ ಅದು ಆಧಾರ. ಆದರೆ ಅಂಕ ತಯಾರಿಸಲು ಅಷ್ಟು ಸಾಲದು. ಆಂಟಿಬಾಡಿ, ಸಿ-ಪೆಪ್ಟೈಡ್ ಎರಡನ್ನೂ ಅಳೆದು ಬಗೆ ಖಚಿತಪಡಿಸಿಕೊಂಡ ರೋಗಿಗಳ ಡಿಎನ್‌ಎಯೂ ಬೇಕು.

‘ಅಲ್ಲ’ ಎನ್ನುವ ಉತ್ತರದ ಬೆಲೆ

ಈಗ ಆಫ್ರಿಕಾದ ಸುದ್ದಿಗೆ ಬರೋಣ. ಕ್ಯಾಮರೂನ್, ಉಗಾಂಡ, ದಕ್ಷಿಣ ಆಫ್ರಿಕಾದಲ್ಲಿ ಚಿಕ್ಕ ವಯಸ್ಸಿನಲ್ಲೇ ಮಧುಮೇಹ ಬಂದು ಟೈಪ್ 1 ಎನಿಸಿಕೊಂಡ 894 ಜನರನ್ನು ಪರೀಕ್ಷಿಸಿದಾಗ ಶೇ 65ರಷ್ಟು ಜನರಲ್ಲಿ ಆಂಟಿಬಾಡಿ ಇರಲಿಲ್ಲ. ಇಷ್ಟೇ ಆಗಿದ್ದರೆ ‘ಆಂಟಿಬಾಡಿ ಮಾಸಿರಬೇಕು’ ಎಂದು ಪಕ್ಕಕ್ಕಿಡಬಹುದಿತ್ತು. ಆದರೆ ಅವರ ಜೀನ್ ಅಂಕವೂ ಕಡಿಮೆ ಇತ್ತು. ಆಂಟಿಬಾಡಿ ಮಾಸುತ್ತದೆ, ಡಿಎನ್‌ಎ ಮಾಸುವುದಿಲ್ಲ. ಹಾಗಾಗಿ ಅಲ್ಲಿ ರೋಗನಿರೋಧಕ ದಾಳಿ ನಡೆದೇ ಇಲ್ಲ ಎನ್ನುವುದಕ್ಕೆ ಬಲ ಬಂತು. ಇನ್ಸುಲಿನ್ ಕೊರತೆ ಎದ್ದು ಕಾಣುತ್ತಿದ್ದುದರಿಂದ ಟೈಪ್ 2 ಎನ್ನಲೂ ಆಗಲಿಲ್ಲ.

ಹೋಲಿಕೆಗೆ ಅಮೆರಿಕದ ಮಾಹಿತಿಯನ್ನೂ ನೋಡಿದರು. ಟೈಪ್ 1 ಎಂದು ಗುರುತಿಸಿದ ಕಪ್ಪು ಅಮೆರಿಕನ್ನರಲ್ಲಿ ಸುಮಾರು ಶೇ 15ರಷ್ಟು ಜನರಲ್ಲಿ ಇದೇ ಮಾದರಿ ಕಂಡಿತು. ಬಿಳಿಯರಲ್ಲಿ ಮಾತ್ರ ಆಂಟಿಬಾಡಿ ಇಲ್ಲದವರ ಅಂಕವೂ ಟೈಪ್ 1ರಂತೆಯೇ ಇತ್ತು. ಅಲ್ಲಿ ‘ಆಂಟಿಬಾಡಿ ಮಾಸಿದೆ’ ಎನ್ನುವ ವಿವರಣೆ ಸರಿಹೊಂದುತ್ತದೆ.

ಭಾರತದಲ್ಲಿ ಎರಡೂ ಪೆಟ್ಟಿಗೆಗೆ ಸೇರದವರು ಮೊದಲಿನಿಂದಲೂ ಇದ್ದಾರೆ. ಬಡತನದಲ್ಲಿ ಬೆಳೆದ, ತೀರಾ ಸಣಕಲು ಮೈಯ ಯುವಕರಲ್ಲಿ ಕಾಣುವ ಮಧುಮೇಹವನ್ನು 1955ರಲ್ಲೇ ಜಮೈಕಾದಲ್ಲಿ ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಇದನ್ನು ಪಟ್ಟಿಗೆ ಸೇರಿಸಿತು, 1999ರಲ್ಲಿ ತೆಗೆಯಿತು. ಅಪೌಷ್ಟಿಕತೆಯೇ ಕಾರಣ ಎನ್ನಲು ಪುರಾವೆ ಸಾಲದು ಎನ್ನುವುದು ತೆಗೆದದ್ದಕ್ಕೆ ಕಾರಣ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ನಿಹಾಲ್ ಥಾಮಸ್, ನ್ಯೂಯಾರ್ಕಿನ ಮೆರೆಡಿತ್ ಹಾಕಿನ್ಸ್ ಮತ್ತು ಸಂಗಡಿಗರು 2022ರಲ್ಲಿ ಅಳತೆ ಮಾಡಿ ತೋರಿಸಿದ ಮೇಲೆ ವಾದಕ್ಕೆ ಮರುಜೀವ ಬಂತು: ಇವರಲ್ಲಿ ಇನ್ಸುಲಿನ್ ಸ್ರವಿಸುವುದೇ ಕಡಿಮೆ, ದೇಹ ಅದಕ್ಕೆ ಬಗ್ಗದಿರುವುದು ಸಮಸ್ಯೆಯಲ್ಲ. ಅದೇ ಈಗ ಟೈಪ್ 5. ಹಳೆಯ ಆಕ್ಷೇಪ ಪೂರ್ತಿ ಹೋಗಿಲ್ಲ. ಮಧುಮೇಹ ಒಕ್ಕೂಟ ಒಂದು ತಂಡ ಮಾಡಿ, ಇದನ್ನು ಗುರುತಿಸುವುದು ಹೇಗೆ ಎಂಬ ನಿಯಮ ರೂಪಿಸಲು ಎರಡು ವರ್ಷ ಕೊಟ್ಟಿದೆ.

ಟೈಪ್ 5ಕ್ಕೆ ಇಂಥದ್ದೇ ಎಂಬ ರಕ್ತಪರೀಕ್ಷೆ ಇಲ್ಲ. ಬೇರೆಲ್ಲವನ್ನೂ ತಳ್ಳಿಹಾಕಿಯೇ ಅದರ ಬಳಿ ಬರಬೇಕು. ಟೈಪ್ 1 ಅಲ್ಲ ಎಂದು ತಳ್ಳಿಹಾಕಲು ಕಡಿಮೆ ಜೀನ್ ಅಂಕ ಒಳ್ಳೆಯ ಸಾಕ್ಷಿ.

ಒಂದೇ ಜೀನ್‌ನ ದೋಷದಿಂದ ಬರುವ ಮಧುಮೇಹಕ್ಕೂ ಇದೇ ಮಾತು. ಎಳೆಯ ವಯಸ್ಸಿನಲ್ಲೇ ಶುರುವಾಗುವ, ಇಂಗ್ಲಿಷಿನಲ್ಲಿ ‘ಮೋಡಿ’ (MODY) ಎಂದು ಕರೆಯುವ ಬಗೆ, ಹುಟ್ಟಿದ ಆರು ತಿಂಗಳೊಳಗೆ ಬರುವ ಬಗೆ ಇದರಲ್ಲಿ ಸೇರಿವೆ. ಇಲ್ಲಿ ಲೆಕ್ಕಾಚಾರ ಇಲ್ಲ. ಜೀನ್ ಕೆಟ್ಟಿದೆಯೋ ಇಲ್ಲವೋ, ಅಷ್ಟೇ. ಎಕ್ಸೆಟರ್‌ನ ಆಂಡ್ರ್ಯೂ ಹ್ಯಾಟರ್ಸ್‌ಲಿ ತಂಡ 2004ರಲ್ಲಿ ಕೆಸಿಎನ್‌ಜೆ11 ಜೀನ್‌ನ ದೋಷ ಕಂಡುಹಿಡಿದ ಮೇಲೆ, ಹುಟ್ಟಿದಾಗಿನಿಂದ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದ ಎಷ್ಟೋ ಮಕ್ಕಳು ಮಾತ್ರೆಗೆ ಬದಲಾದರು. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನಲ್ಲಿ ಇಂಥ ಪರೀಕ್ಷೆ ನಡೆಯುತ್ತದೆ. ಟೈಪ್ 1 ಎಂದ ಮಗುವಿನ ಅಂಕ ತೀರಾ ಕಡಿಮೆ ಬಂದರೆ, ಈ ಜೀನ್‌ಗಳನ್ನು ನೋಡಿ ಎಂಬ ಸೂಚನೆ ಅದು.

ಖರ್ಚು, ವಿಮೆ, ಮುಂಚೆಯೇ ತಿಳಿಯುವುದು

ಜೀನ್ ಅಂಕದ ಪರ ಇರುವವರ ಮುಖ್ಯ ಮಾತು: ಜೀವನದಲ್ಲಿ ಒಂದೇ ಸಲ ಮಾಡಿಸಿದರೆ ಸಾಕು, ತಂತ್ರಜ್ಞಾನ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿದೆ. ವಿರೋಧಿಸುವವರು ಕೇಳುವ ಪ್ರಶ್ನೆಯೂ ಸರಿಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿ-ಪೆಪ್ಟೈಡ್ ಮಾಡಿಸುವುದೇ ಕಷ್ಟವಾಗಿರುವಾಗ ಡಿಎನ್‌ಎ ಟೆಸ್ಟ್‌ಗೆ ಹಣ ಹಾಕುವುದು ಯಾವ ಲೆಕ್ಕ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಅಧ್ಯಯನ 2023ರಲ್ಲಿ ಹೇಳಿದಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ. ಮೊದಲು ಹಳೆಯ ಎರಡು ಟೆಸ್ಟ್‌ಗಳು ಕೈಗೆ ಸಿಗುವಂತಾಗಬೇಕು. ಅಂಕವನ್ನು ಓದಲೂ ಅವೇ ಬೇಕಲ್ಲ.

ವಿಮೆಯ ತಲೆನೋವು ಬೇರೆ. ಜೀನ್ ನೋಡಿ ಆರೋಗ್ಯ ವಿಮೆ, ಕೆಲಸ ನಿರಾಕರಿಸಬಾರದು ಎಂದು ಅಮೆರಿಕದಲ್ಲಿ 2008ರಿಂದ ಕಾನೂನಿದೆ. ಅದಕ್ಕೇ ಮೀಸಲಾದ ಕಾನೂನು ನಮ್ಮಲ್ಲಿಲ್ಲ. ದೆಹಲಿ ಹೈಕೋರ್ಟ್ 2018ರಲ್ಲಿ ವಿಮಾ ಕಂಪನಿಗಳು ‘ಆನುವಂಶಿಕ ಕಾಯಿಲೆ’ ಎಂದು ಸಾರಾಸಗಟಾಗಿ ಹೊರಗಿಡುವುದು ಭೇದಭಾವ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಯಿಲೆ ಇಲ್ಲದವರು ಕುತೂಹಲಕ್ಕೆ ಅಂಕ ಹಾಕಿಸಿಕೊಳ್ಳುವ ಮುನ್ನ ಇದನ್ನು ಯೋಚಿಸಬೇಕು.

ಹಾಗೆಂದು ಮುಂಚೆಯೇ ತಿಳಿದು ಪ್ರಯೋಜನ ಇಲ್ಲವೆಂದೂ ಅಲ್ಲ. ಟೆಪ್ಲಿಝುಮ್ಯಾಬ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆಂಟಿಬಾಡಿ ಬಂದು ಸಕ್ಕರೆ ಆಗಷ್ಟೇ ಏರುಪೇರಾಗುತ್ತಿರುವವರಲ್ಲಿ ಅದು ಟೈಪ್ 1 ಶುರುವಾಗುವುದನ್ನು ಸುಮಾರು ಎರಡು ವರ್ಷ ಮುಂದೂಡುತ್ತದೆ. ಅಂಥವರನ್ನು ಹುಡುಕಲು, ಯಾವ ಮಕ್ಕಳ ಮೇಲೆ ಕಣ್ಣಿಡಬೇಕು ಎಂದು ಜೀನ್ ಅಂಕ ಹೇಳಬಲ್ಲದು. ಆದರೆ ಔಷಧ ತುಂಬಾ ದುಬಾರಿ.

ಈಗ ಅನುಮಾನ ಇದ್ದವರು ಏನು ಕೇಳಬಹುದು

ಟೈಪ್ 2 ಎಂದು ಹೇಳಿದ್ದಾರೆ, ಆದರೆ ತೂಕ ಇಳಿಯುತ್ತಿದೆ, ಮಾತ್ರೆ ಏರಿಸಿದರೂ ಸಕ್ಕರೆ ಬಗ್ಗುತ್ತಿಲ್ಲ, ಮನೆಯಲ್ಲಿ ಥೈರಾಯ್ಡ್‌ನಂಥ ಆಟೊಇಮ್ಯೂನ್ ಕಾಯಿಲೆ ಇದೆ ಎಂದರೆ ಗ್ಯಾಡ್ ಆಂಟಿಬಾಡಿ ನೋಡಬೇಕೇ ಎಂದು ವೈದ್ಯರನ್ನು ಕೇಳಬಹುದು. ಕಾಯಿಲೆ ಬಂದು ಮೂರು ವರ್ಷ ಕಳೆದಿದ್ದರೆ ಸಿ-ಪೆಪ್ಟೈಡ್ ಕೇಳಬಹುದು. ಇವೆರಡೂ ಒಂದಕ್ಕೊಂದು ಹೊಂದದೆ ಹೋದಾಗ ಜೀನ್ ಅಂಕದ ಮಾತು ಬರುತ್ತದೆ. ಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದು ಬಗೆಯ ಬಗ್ಗೆ ಅನುಮಾನ ಇರುವವರು ಈ ಪ್ರಶ್ನೆಯನ್ನು ಮುಂದೂಡಬಾರದು.

ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಅಂಕ ಕಡಿಮೆ ಬಂತೆಂದು ತಾವಾಗಿ ನಿಲ್ಲಿಸಬಾರದು. ಕಾಯಿಲೆ ಯಾಕೆ ಬಂದಿರಬಹುದು ಎನ್ನುವುದಕ್ಕಷ್ಟೇ ಈ ಅಂಕ ಸುಳಿವು. ಇಂದು ಒಳಗೆ ಎಷ್ಟು ಇನ್ಸುಲಿನ್ ತಯಾರಾಗುತ್ತಿದೆ ಎಂದು ಅದಕ್ಕೆ ಗೊತ್ತಿಲ್ಲ. ಬದಲಾವಣೆ ಮಾಡುವುದಿದ್ದರೆ ಸಿ-ಪೆಪ್ಟೈಡ್ ನೋಡಿ, ವೈದ್ಯರ ಕಣ್ಣೆದುರೇ, ಹಂತ ಹಂತವಾಗಿ ಮಾಡಬೇಕು.